ಒಳ್ಳೆಯ ಹೀರೋನನ್ನು ಕೆಟ್ಟವನಾಗಿ ಬರೆಯುವುದು ಹೇಗೆ? ನನ್ನ ಮಾರಿಯೋ ಬರೀ ಕಪ್ಪು ಬಟ್ಟೆಯ ಮಾರಿಯೋ ಆಗಿದ್ದಾನೆ

ಹುಬ್ಳಿ_ಪಿಕ್ಸೆಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗೇಮ್ ಅಭಿಮಾನಿಗಳೇ ಸೇರಿ ನಡೆಸುವ ಒಂದು ಚಿತ್ರ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ವಿಷಯ ಇಷ್ಟು: ಯಾವುದಾದರೂ ವಿಡಿಯೋ ಗೇಮಿನ ಒಳ್ಳೆಯ ಹೀರೋನನ್ನು ತೆಗೆದುಕೊಳ್ಳಬೇಕು. ಅವನ ನೀತಿಯನ್ನು ತಲೆಕೆಳಗು ಮಾಡಬೇಕು. ಹಾಗೆ ಹುಟ್ಟಿದ ಹೊಸ ಪಾತ್ರವನ್ನು ಬರೆದು ಕಳಿಸಬೇಕು. ಒಂದೇ ಹಾಳೆ. ಮುಂದಿನಿಂದ ಒಂದು ನೋಟ, ಹಿಂದಿನಿಂದ ಒಂದು ನೋಟ, ಮುಖದ ಒಂದೆರಡು ಭಾವ, ಪಕ್ಕದಲ್ಲಿ ಅವನ ಕಥೆ ಚಿಕ್ಕದಾಗಿ. ರಕ್ತ, ಹೆಣ ಇವೆಲ್ಲ ಬೇಡ ಅಂತ ನಿಯಮದಲ್ಲೇ ಇದೆ. ಈಗಾಗಲೇ ಗೇಮಿನಲ್ಲಿರುವ ಕೆಟ್ಟ ಪ್ರತಿರೂಪವನ್ನು ನಕಲು ಮಾಡುವಂತಿಲ್ಲ ಅಂತಲೂ ಇದೆ.

ನಾನು ಮಾರಿಯೋನನ್ನು ಆರಿಸಿಕೊಂಡೆ. ಟಿವಿಗೆ ಸಿಕ್ಕಿಸುವ ಆ ಕ್ಯಾಸೆಟ್ ಗೇಮಿನಲ್ಲಿ ಅಕ್ಕನೂ ನಾನೂ ಅವನನ್ನೇ ಆಡಿ ಬೆಳೆದವರು. ಈಗ ಫೋನಿನಲ್ಲಿ ಐಬಿಸ್ ಪೇಂಟ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೆಂಪು ಟೋಪಿಯನ್ನು ಕಪ್ಪು ಮಾಡಿದೆ. ನೀಲಿ ಓವರಾಲ್, ಅಂದರೆ ಭುಜಪಟ್ಟಿ ಇರುವ ಆ ಪ್ಯಾಂಟು, ಕಡು ನೇರಳೆ ಆಯಿತು. ಕಣ್ಣು ಕೆಂಪು, ಮೀಸೆ ಚೂಪು, ಹಲ್ಲೂ ಚೂಪು. ಅಕ್ಕ ನೋಡಿ "ಇದು ವಾರಿಯೋ ಅಲ್ವಾ?" ಅಂದಳು. ವಾರಿಯೋ ಅಂದರೆ ಗೇಮಿನಲ್ಲೇ ಇರುವ ಮಾರಿಯೋನ ಕೆಟ್ಟ ಪ್ರತಿರೂಪ, ಅವನದೂ ನೇರಳೆ ಓವರಾಲ್. ಅವನಲ್ಲ ಅಂತ ತೋರಿಸಲು ನೇರಳೆ ತೆಗೆದು ಬೂದು ಬಣ್ಣ ಹಾಕಿದೆ. ಈಗ ಅವನು ಯಾರೂ ಅಲ್ಲದವನ ಹಾಗೆ ಕಾಣುತ್ತಿದ್ದಾನೆ.

ಹೀರೋ ಆಯ್ಕೆಯೇ ಸರಿಯಿಲ್ಲವಾ, ಅಥವಾ ನಾನು ಎಲ್ಲೋ ಬೇರೆ ಕಡೆಯಿಂದ ಶುರು ಮಾಡಬೇಕಿತ್ತಾ? ಗೊತ್ತಿದ್ದವರು ಹೇಳಿ.

ಗೇಮರ್_ಗಿರಿ:

ಮಾರಿಯೋ ಕಷ್ಟ ಗುರು. ಗುಂಡುಗುಂಡಾಗಿ ಮುದ್ದಾಗಿದ್ದಾನೆ, ಅವನನ್ನು ನೋಡಿ ಯಾರಿಗೆ ಭಯ ಆಗುತ್ತದೆ? ಹೊಡೆದಾಟದ ಗೇಮ್ ಸ್ಟ್ರೀಟ್ ಫೈಟರಿನ ಹೀರೋ ರ್ಯೂ ತಗೋಬಹುದಿತ್ತು, ಆದರೆ ಅವನ ಕೆಟ್ಟ ರೂಪ ಆಗಲೇ ಗೇಮಿನಲ್ಲಿದೆ, ನಿಯಮಕ್ಕೆ ಅಡ್ಡ ಬರುತ್ತದೆ. ಮಾರಿಯೋನೇ ಬೇಕು ಅಂದರೆ ಮೈಕಟ್ಟು ಬದಲಾಯಿಸಿ. ಎತ್ತರ ಮಾಡಿ, ಭುಜ ಅಗಲ ಮಾಡಿ, ಮುಖಕ್ಕೆ ಒಂದು ಗಾಯದ ಗುರುತು, ಕೈಯಲ್ಲಿ ದೊಡ್ಡ ಸುತ್ತಿಗೆ. ಹಿನ್ನೆಲೆಗೆ ಬೆಂಕಿ. ಜಡ್ಜುಗಳ ಮುಂದೆ ರಾಶಿ ಚಿತ್ರ ಇರುತ್ತವೆ. ಮೊದಲ ನೋಟದಲ್ಲೇ ಇವನು ಕೆಟ್ಟವನು ಅಂತ ಗೊತ್ತಾಗಬೇಕು.

ಶಿರಸಿ_ಸ್ಕೆಚ್:

ಸ್ವಲ್ಪ ಉದ್ದ ಬರೆಯುತ್ತೇನೆ. ನನಗೆ ಇದು ತುಂಬಾ ಇಷ್ಟದ ವಿಷಯ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಗೇಮುಗಳಿಗೆ ಪಾತ್ರ ಬರೆಯುವುದೇ ನನ್ನ ಕೆಲಸ. ಒಂದೇ ಪಾತ್ರಕ್ಕೆ ಹತ್ತು ಬಣ್ಣದ ಬಟ್ಟೆ ತೊಡಿಸುವ ಕೆಲಸವೂ ಅದರಲ್ಲಿ ಬರುತ್ತದೆ. ಆದ್ದರಿಂದ ಬಣ್ಣದಿಂದ ಏನಾಗುತ್ತದೆ, ಏನಾಗುವುದಿಲ್ಲ ಅಂತ ದಿನಾ ನೋಡುತ್ತೇನೆ.

ಮಾರಿಯೋನ ಬಣ್ಣ ಬದಲಾಯಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಉತ್ತರ 1985ರಲ್ಲೇ ಸಿಕ್ಕಿದೆ. ಸೂಪರ್ ಮಾರಿಯೋ ಬ್ರದರ್ಸಿನಲ್ಲಿ ಎರಡನೇ ಆಟಗಾರನಿಗೆ ಸಿಗುವ ಲುಯಿಜಿ ಅದೇ ಮಾರಿಯೋ ಚಿತ್ರ, ಬಣ್ಣ ಮಾತ್ರ ಬೇರೆ. ಬಣ್ಣ ಬದಲಾಯಿಸಿದ್ದಕ್ಕೆ ಒಬ್ಬ ತಮ್ಮ ಹುಟ್ಟಿದ, ಅಷ್ಟೇ. ಅದೇ ಗೇಮಿನಲ್ಲಿ ಮೋಡಕ್ಕೆ ಹಸಿರು ಬಳಿದರೆ ಪೊದೆ ಆಗುತ್ತದೆ. 1992ರ ಹೊಡೆದಾಟದ ಗೇಮ್ ಮಾರ್ಟಲ್ ಕಾಂಬ್ಯಾಟ್ ನೆನಪಿಸಿಕೊಳ್ಳಿ. ಸ್ಕಾರ್ಪಿಯನ್ ಹಳದಿ, ಸಬ್‌ಝೀರೋ ನೀಲಿ. ಇಬ್ಬರಿಗೂ ಒಂದೇ ದೇಹ, ಒಂದೇ ಬಟ್ಟೆ. ಆದರೂ ಆಡಿದ ಯಾರೂ ಅವರನ್ನು ಅದಲುಬದಲು ಮಾಡಿಕೊಳ್ಳುವುದಿಲ್ಲ. ಒಬ್ಬ ಹಗ್ಗದ ಭರ್ಜಿ ಎಸೆದು ನಮ್ಮನ್ನು ಹತ್ತಿರಕ್ಕೆ ಎಳೆಯುತ್ತಾನೆ. ಇನ್ನೊಬ್ಬ ನಿಂತಲ್ಲೇ ಹಿಮಗಟ್ಟಿಸುತ್ತಾನೆ. ಅವರು ಏನು ಮಾಡುತ್ತಾರೋ ಅದೇ ಅವರ ಗುರುತು.

ನಿಮ್ಮ ಅಕ್ಕ ಹೇಳಿದ ವಾರಿಯೋನನ್ನೇ ನೋಡಿ. 1992ರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ಗೆ ಬಂದ ಸೂಪರ್ ಮಾರಿಯೋ ಲ್ಯಾಂಡ್ 2ರಲ್ಲಿ ಮೊದಲ ಸಲ ಕಾಣಿಸಿಕೊಂಡ. ಮಾರಿಯೋ ಊರಲ್ಲಿ ಇಲ್ಲದಾಗ ಅವನ ಕೋಟೆ ಕಬಳಿಸಿದವನು. ಆದರೆ ವಾರಿಯೋ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು 1994ರಲ್ಲಿ ಅವನಿಗೇ ಅಂತ ಬಂದ ಗೇಮಿನಿಂದ. ಮಾರಿಯೋಗೆ ನಾಣ್ಯ ಅಂದರೆ ನೂರು ಸೇರಿಸಿದರೆ ಒಂದು ಜೀವ. ಅದು ಮುಂದೆ ಹೋಗಲು ಬುತ್ತಿ. ವಾರಿಯೋ ಲ್ಯಾಂಡಿನಲ್ಲಿ ನಾಣ್ಯವೇ ಗುರಿ. ಕೊನೆಗೆ ಎಷ್ಟು ದುಡ್ಡು ಕೂಡಿಟ್ಟಿದ್ದೀರಿ ಅಂತ ಲೆಕ್ಕ ಹಾಕಿ ಅವನಿಗೆ ಮನೆ ಕೊಡುತ್ತಾರೆ. ಕಡಿಮೆಯಿದ್ದರೆ ಹಕ್ಕಿಗೂಡು. ತುಂಬಾ ಇದ್ದರೆ ಒಂದು ಗ್ರಹವೇ! ಎಷ್ಟು ಚೆನ್ನಾಗಿ ತಿರುಗಿಸಿದ್ದಾರೆ ನೋಡಿ. ಅದೇ ನಾಣ್ಯ, ಅದೇ ಹಾರಾಟ. ಆಸೆ ಮಾತ್ರ ಬೇರೆ.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆಗೆ ಬರುತ್ತೇನೆ. ಪ್ರಿನ್ಸ್ ಆಫ್ ಪರ್ಷಿಯಾ. ಒಬ್ಬ ರಾಜಕುಮಾರ ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ಬಿಡಿಸಬೇಕಾದ ಗೇಮು. ಇದನ್ನು ನಾವು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ, ವಿಂಡೋಸ್‌ಗೂ ಮುಂಚಿನ ಡಾಸ್ ಮೇಲೆ ಆಡುತ್ತಿದ್ದೆವು. ಜೋರ್ಡಾನ್ ಮೆಕ್ನರ್ ಮೊದಲು ಬರೆದದ್ದು ಆಪಲ್ ಟೂ ಕಂಪ್ಯೂಟರಿಗೆ, 1989ರಲ್ಲಿ ಹೊರಬಂತು. ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೋ ತೆಗೆದು, ಒಂದೊಂದು ಚೌಕಟ್ಟನ್ನೂ ನೋಡಿ ರಾಜಕುಮಾರನ ಓಟ ಬರೆದರು. ಆ ಓಟ ಇವತ್ತಿಗೂ ನಿಜ ಅನ್ನಿಸುತ್ತದೆ. ಆದರೆ ಅಷ್ಟೊಂದು ಚಿತ್ರ ತುಂಬಿದ ಮೇಲೆ ಮೆಮೊರಿಯಲ್ಲಿ ಇನ್ನೊಬ್ಬ ಶತ್ರುವಿಗೆ ಜಾಗವೇ ಉಳಿಯಲಿಲ್ಲ. ಆಗ ಅವರು ಒಂದು ಉಪಾಯ ಮಾಡಿದರು. ರಾಜಕುಮಾರನ ಚಿತ್ರವನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿ, ಅದೇ ಚಿತ್ರದ ಮೇಲೆ ಕೂರಿಸಿ, ಎಕ್ಸ್‌ಕ್ಲೂಸಿವ್ ಆರ್ ಅನ್ನುವ ಲೆಕ್ಕ ಹಾಕಿದರು. ಎರಡರಲ್ಲಿ ಒಂದರಲ್ಲಿ ಮಾತ್ರ ಇರುವ ಚುಕ್ಕಿಯನ್ನು ಉಳಿಸುವ ಲೆಕ್ಕ ಅದು. ಮಿನುಗುವ ಒಬ್ಬ ನೆರಳು ಮನುಷ್ಯ ಬಂದ. ಹೊಸ ಚಿತ್ರಕ್ಕೆ ಜಾಗ ಬೇಕಾಗಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅವನೂ ಒಂದು ಬಣ್ಣದ ಆಟವೇ ಆಗುತ್ತಿದ್ದ. ಅವನಿಗೆ ಕೊಟ್ಟ ಕೆಲಸ ನೋಡಿ. ನಾಲ್ಕನೇ ಹಂತದಲ್ಲಿ ದಾರಿಗೆ ಅಡ್ಡ ಒಂದು ಕನ್ನಡಿ ನಿಂತಿರುತ್ತದೆ. ಓಡಿ ಬಂದು ಅದರೊಳಗೆ ಹಾರಬೇಕು, ಬೇರೆ ದಾರಿ ಇಲ್ಲ. ನಾವು ಈ ಕಡೆ ಬಿದ್ದ ಕ್ಷಣಕ್ಕೆ ಕನ್ನಡಿಯಿಂದ ಇನ್ನೊಬ್ಬ ಆ ಕಡೆಗೆ ಹಾರಿ ಓಡಿಹೋಗುತ್ತಾನೆ. ನಮ್ಮ ಜೀವ ಒಂದಕ್ಕೆ ಇಳಿದಿರುತ್ತದೆ. ಐದನೇ ಹಂತದಲ್ಲಿ ನಾವು ಕಣ್ಣಿಟ್ಟಿದ್ದ ಮದ್ದಿನ ಬಾಟಲಿಯನ್ನು ಅವನೇ ಬಂದು ಕುಡಿದು ಹೋಗುತ್ತಾನೆ. ಆರನೆಯದರಲ್ಲಿ ನಾವು ಹಾರುವ ಹೊತ್ತಿಗೆ ಸರಿಯಾಗಿ ಗೇಟು ಮುಚ್ಚಿ ಕೆಳಗೆ ಬೀಳಿಸುತ್ತಾನೆ. ಹನ್ನೆರಡಕ್ಕೆ ಬರುವಾಗ ಕೊಟ್ಟ ಒಂದು ಗಂಟೆ ಮುಗಿಯುತ್ತಾ ಬಂದಿರುತ್ತದೆ, ಎದುರಿಗೆ ಅವನು ಕತ್ತಿ ಹಿಡಿದು ನಿಂತಿರುತ್ತಾನೆ. ಅವನಿಗೆ ಒಂದು ಏಟು ಹಾಕಿದರೆ ನಮಗೂ ಒಂದು ಏಟು. ಅವನನ್ನು ಕೊಂದರೆ ನಾವೂ ಸಾಯುತ್ತೇವೆ.

ಗೆಲ್ಲುವುದು ಹೇಗೆ? ಕೆಳಬಾಣದ ಕೀ ಒತ್ತಿ ಕತ್ತಿ ಒಳಗಿಡಬೇಕು. ಅವನೂ ಇಡುತ್ತಾನೆ. ಆಮೇಲೆ ಸೀದಾ ಅವನ ಕಡೆ ಓಡಬೇಕು. ಇಬ್ಬರೂ ಒಂದಾಗುತ್ತಾರೆ. ಮುಂದೆ ನೆಲ ಇಲ್ಲದ ಜಾಗದಲ್ಲಿ ಕಾಲಿಟ್ಟಂತೆಲ್ಲ ನೆಲ ಮೂಡುತ್ತದೆ. ಅಲ್ಲಿಯವರೆಗೆ ಆ ಗೇಮು ನಮಗೆ ಕಲಿಸಿದ್ದು ಎದುರಿಗೆ ಬಂದವನನ್ನು ಕಡಿ ಅಂತ. ಇಲ್ಲಿ ಮಾತ್ರ ಕಲಿತದ್ದನ್ನು ಬಿಡಬೇಕು. ಲ್ಯಾಬಿನಲ್ಲಿ ಇದು ಯಾರಿಗೋ ಗೊತ್ತಾದ ದಿನ ಎಲ್ಲರೂ ಅವನ ಕುರ್ಚಿಯ ಸುತ್ತ ನಿಂತು ನೋಡಿದ್ದೆವು.

ಇನ್ನೊಂದೇ ಉದಾಹರಣೆ ಹೇಳಿ ನಿಲ್ಲಿಸುತ್ತೇನೆ. ಇದು ನಿಮ್ಮ ಸ್ಪರ್ಧೆಗೆ ಜಾಸ್ತಿ ಹತ್ತಿರ. 2002ರಲ್ಲಿ ಬಂದ ಮೆಗಾ ಮ್ಯಾನ್ ಝೀರೋ. ಎಕ್ಸ್ ಅನ್ನುವ ರೋಬೋ ಹೀರೋ ಹೋರಾಡುವ ಮುಂಚೆ ಯೋಚಿಸುವವನು. ಹೊಡೆದಾಟ ಬೇಕಾ ಅಂತ ಕೊರಗುವವನು. ಅವನು ಇಲ್ಲದಾಗ ಅವನದೇ ನಕಲು ಮಾಡಿ ನಗರದ ಪಟ್ಟಕ್ಕೆ ಕೂರಿಸುತ್ತಾರೆ. ಮನುಷ್ಯರನ್ನು ಕಾಪಾಡಬೇಕು ಅನ್ನುವ ಗುರಿ ನಕಲಿಗೂ ಇದೆ. ಕೊರಗು ಇಲ್ಲ. ಹಾಗಾಗಿ ತಪ್ಪು ಮಾಡದ ರೋಬೋಗಳಿಗೂ ದಂಗೆಕೋರರು ಅಂತ ಹಣೆಪಟ್ಟಿ ಹಚ್ಚಿ ಮುಗಿಸುತ್ತಾ ಹೋಗುತ್ತಾನೆ. ತಾನು ಒಳ್ಳೆಯವನು ಅಂತಲೇ ನಂಬಿದ್ದಾನೆ. ನನಗೆ ಅವನ ಭಯ ಕೊಂಬು ಇರುವ ಯಾವ ರಾಕ್ಷಸನಿಗಿಂತಲೂ ಜಾಸ್ತಿ.

ಆದ್ದರಿಂದ ಫೋನು ಪಕ್ಕಕ್ಕಿಡಿ. ಒಂದು ಕಾಗದದಲ್ಲಿ ಬರೆಯಿರಿ: ಮಾರಿಯೋ ಏನು ಮಾಡುತ್ತಾನೆ? ಅವನನ್ನು ತಡೆಯುವುದು ಯಾವುದು? ತಡೆಯುವ ಆ ಒಂದನ್ನು ಮಾತ್ರ ತೆಗೆಯಿರಿ. ಮಿಕ್ಕಿದ್ದೆಲ್ಲ ಹಾಗೇ ಇರಲಿ. ಹೀರೋ ಆಯ್ಕೆ ಚೆನ್ನಾಗಿದೆ, ಬದಲಾಯಿಸಬೇಡಿ.

ಕುಂದಾಪ್ರ_ಕಂಟ್ರೋಲರ್:

ಸ್ಕೆಚ್ ಅವರ ಮಾತಿಗೆ ನಮ್ಮ ಕಡೆಯದೊಂದು ಸೇರಿಸುತ್ತೇನೆ. ಯಕ್ಷಗಾನದಲ್ಲಿ ರಾಕ್ಷಸರಿಗೆ ಬಣ್ಣದ ವೇಷ ಇದೆ. ಮುಖ ತುಂಬ ಬಣ್ಣ ಬರೆಯಲು ಗಂಟೆಗಟ್ಟಲೆ ಬೇಕು. ಆದರೆ ತೆಂಕುತಿಟ್ಟಿನಲ್ಲಿ ಕೌರವನಿಗೆ ಆ ವೇಷ ಹಾಕುವುದಿಲ್ಲ. ಅವನದು ಕಿರೀಟ ವೇಷ, ದೇವೇಂದ್ರನದೂ ಕಿರೀಟ ವೇಷವೇ. ಅವನು ಎಂಥವನು ಅಂತ ಜನರಿಗೆ ಗೊತ್ತಾಗುವುದು ಬಾಯಿ ಬಿಟ್ಟು ಅರ್ಥ ಹೇಳಿದಾಗ, ರಂಗದಲ್ಲಿ ನಿಲ್ಲುವ ಠೀವಿ ನೋಡಿದಾಗ. ಮಾರಿಯೋಗೂ ಕಿರೀಟ ವೇಷವೇ ಇರಲಿ ಮಾರಾಯ್ರೆ.

ಇನ್ನೊಂದು, ಅಂಡರ್‌ಟೇಲ್ ಆಡಿದ್ದೀರಾ? 2015ರದ್ದು, ಟೋಬಿ ಫಾಕ್ಸ್ ಮಾಡಿದ್ದು. ಯಾರನ್ನೂ ಕೊಲ್ಲದೆ ಆ ಗೇಮ್ ಮುಗಿಸಬಹುದು. ಸಿಕ್ಕವರನ್ನೆಲ್ಲ ಕೊಂದೂ ಮುಗಿಸಬಹುದು. ಎರಡನೇ ದಾರಿಯಲ್ಲಿ ಹೋದರೆ ನಮ್ಮ ಪಾತ್ರಕ್ಕೆ ಕೊಂಬು ಬರುವುದಿಲ್ಲ. ಅದೇ ಪಟ್ಟೆ ಅಂಗಿಯ ಮಗು. ಊರು ಖಾಲಿಯಾಗುತ್ತಾ ಬರುತ್ತದೆ. ಅಂಗಡಿಯಲ್ಲಿ ಅಂಗಡಿಯವನು ಇರುವುದಿಲ್ಲ. ಹೊಡೆದಾಟದ ಪರದೆ ತೆರೆದುಕೊಳ್ಳುತ್ತದೆ, "ಆದರೆ ಯಾರೂ ಬರಲಿಲ್ಲ" ಅಂತ ಒಂದು ಸಾಲು ಮಾತ್ರ ಇರುತ್ತದೆ. ಅದನ್ನು ನೋಡಿ ನಾನು ಗೇಮ್ ಬಂದ್ ಮಾಡಿದ್ದೆ.

ಹುಬ್ಳಿ_ಪಿಕ್ಸೆಲ್:

ತುಂಬಾ ಧನ್ಯವಾದ ಎಲ್ಲರಿಗೂ. ಪ್ರಿನ್ಸ್ ಆಫ್ ಪರ್ಷಿಯಾದ ಆ ನೆರಳಿನ ಕಥೆ ಗೊತ್ತೇ ಇರಲಿಲ್ಲ.

ಕಾಗದದಲ್ಲಿ ಬರೆದೆ. ಮಾರಿಯೋ ಓಡುತ್ತಾನೆ, ಹಾರುತ್ತಾನೆ, ತುಳಿಯುತ್ತಾನೆ, ಇಟ್ಟಿಗೆ ಒಡೆಯುತ್ತಾನೆ, ರಾಜಕುಮಾರಿಯನ್ನು ಬಿಡಿಸುತ್ತಾನೆ. ಇಲ್ಲಿಗೆ ಸಿಕ್ಕಿಕೊಂಡೆ. ಎಕ್ಸ್‌ಗೆ ಕೊರಗು ಇತ್ತು, ಅದನ್ನು ತೆಗೆದರು. ಮಾರಿಯೋನನ್ನು ತಡೆಯುವುದು ಏನು? ನಾವು ಆಡಿದ ಗೇಮಿನಲ್ಲಿ ಅವನು ಮಾತೇ ಆಡುವುದಿಲ್ಲ, ಅವನ ಮನಸ್ಸು ಹೇಗೆ ತಿಳಿಯುವುದು?

ಶಿರಸಿ_ಸ್ಕೆಚ್:

ಒಳ್ಳೆಯ ಪ್ರಶ್ನೆ. ಮಾತಾಡದ ಪಾತ್ರದ ಮನಸ್ಸನ್ನು ಅವನ ಕೆಲಸದಲ್ಲೇ ಹುಡುಕಬೇಕು. ಮಾರಿಯೋ ವಿಷಯದಲ್ಲಿ ಹುಡುಕಿದರೆ ಸಿಗುತ್ತದೆ.

ಮೊದಲು ಅವನ ರೂಪ. 1981ರ ಡಾಂಕಿ ಕಾಂಗ್ ಗೇಮಿನಲ್ಲಿ ಅವನು ಬೆರಳೆಣಿಕೆಯ ಚುಕ್ಕಿಗಳ ಬೊಂಬೆ. ಅಷ್ಟು ಚಿಕ್ಕ ಜಾಗದಲ್ಲಿ ಬಾಯಿ ಬರೆಯಲು ಆಗದು ಅಂತ ಮೀಸೆ ಬಂತು. ಕೂದಲು ಹಾರುವುದನ್ನು ಬರೆಯಲು ಆಗದು ಅಂತ ಟೋಪಿ ಬಂತು. ಓಡುವಾಗ ಕೈ ಬೀಸುವುದು ಕಾಣಲಿ ಅಂತ ಓವರಾಲ್ ಬಂತು. ಮಾರಿಯೋನನ್ನು ಹುಟ್ಟುಹಾಕಿದ ಶಿಗೆರು ಮಿಯಾಮೋಟೋ ಅವರೇ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ನೀವು ಮೀಸೆ ಚೂಪು ಮಾಡಿ ಹಲ್ಲು ಬರೆದಿರಲ್ಲ, ಅಲ್ಲೇ ಅವನು ಕಳೆದುಹೋದ. ಮೀಸೆ ಇರುವುದೇ ಬಾಯಿ ಕಾಣದಿರಲಿ ಅಂತ. ಹಲ್ಲು ತೆಗೆಯಿರಿ. ಅವನು ನಗುತ್ತಿದ್ದಾನೋ ಇಲ್ಲವೋ ಗೊತ್ತಾಗದಿರುವುದೇ ನಿಮಗೆ ಒಳ್ಳೆಯದು.

ಎರಡನೆಯದು, ಅವನು ಒಮ್ಮೆ ಖಳನಾಯಕ ಆಗಿದ್ದಾನೆ. 1982ರ ಡಾಂಕಿ ಕಾಂಗ್ ಜೂನಿಯರ್ ನೋಡಿ. ಅದರಲ್ಲಿ ದೊಡ್ಡ ಗೊರಿಲ್ಲಾವನ್ನು ಬೋನಿಗೆ ಹಾಕಿದವನು ಮಾರಿಯೋ. ನಾವು ಆಡುವುದು ಅದರ ಮರಿಯಾಗಿ. ಬಳ್ಳಿ ಹತ್ತಿ, ಕೀಲಿ ತಳ್ಳಿ ಅಪ್ಪನನ್ನು ಬಿಡಿಸಬೇಕು. ಮಾರಿಯೋ ಮೇಲೆ ನಿಂತು ನಮ್ಮ ಮೇಲೆ ಕಚ್ಚುವ ಪ್ರಾಣಿಗಳನ್ನು ಬಿಡುತ್ತಾನೆ. ಅದೇ ಟೋಪಿ, ಅದೇ ಮೀಸೆ. ಮುದ್ದು ಮೈಯಲ್ಲಿ ಕೆಟ್ಟತನ ಕೂರುವುದಿಲ್ಲ ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಾ?

ಮೂರನೆಯದೇ ಮುಖ್ಯ. 1985ರ ಗೇಮಿನ ಜೊತೆ ಬಂದ ಪುಸ್ತಿಕೆಯಲ್ಲಿ ಒಂದು ಕಥೆ ಇದೆ. ಆಮೆಯಂಥ ಶತ್ರುಗಳಾದ ಕೂಪಾಗಳು ಮಾಟ ಮಾಡಿ ಅಣಬೆ ರಾಜ್ಯದ ಜನರನ್ನು ಕಲ್ಲು, ಇಟ್ಟಿಗೆ, ಗಿಡಗಳಾಗಿ ಮಾಡಿಬಿಟ್ಟವು ಅಂತ. ಆ ಮಾಟ ಬಿಡಿಸಲು ಆಗುವುದು ರಾಜಕುಮಾರಿಗೆ ಒಬ್ಬಳಿಗೇ ಅಂತಲೂ ಅದರಲ್ಲಿದೆ. ಈಗ ಮೊದಲ ಹಂತ ಕಣ್ಣ ಮುಂದೆ ತಂದುಕೊಳ್ಳಿ. ಗಾಳಿಯಲ್ಲಿ ಸಾಲಾಗಿ ತೇಲುವ ಆ ಇಟ್ಟಿಗೆಗಳು. ಚಿಕ್ಕ ಮಾರಿಯೋ ಗುದ್ದಿದರೆ ಇಟ್ಟಿಗೆ ಸ್ವಲ್ಪ ಅಲುಗುತ್ತದೆ. ಅಣಬೆ ಸಿಕ್ಕಿ ದೊಡ್ಡವನಾದ ಮೇಲೆ ಗುದ್ದಿದರೆ ನಾಲ್ಕು ಚೂರಾಗಿ ಸಿಡಿಯುತ್ತದೆ. ಒಂದಕ್ಕೆ 50 ಅಂಕ.

ನಮ್ಮ ಮಾರಿಯೋಗೆ ಅದು ಗೊತ್ತಿಲ್ಲ ಅಂತ ಇಟ್ಟುಕೊಳ್ಳಬಹುದು. ಅವನು ಒಳ್ಳೆಯವನಾಗಿರುವುದು ಆ ಗೊತ್ತಿಲ್ಲದಿರುವಿಕೆಯಿಂದ. ನಿಮ್ಮ ಮಾರಿಯೋಗೆ ಗೊತ್ತಿದ್ದರೆ?

ಇನ್ನೊಂದು ಸಣ್ಣ ವಿಷಯ, ಬರೆಯುವವರಿಗೆ ಉಪಯೋಗ ಆಗುತ್ತದೆ. ಮಾರಿಯೋ ತಲೆಯಿಂದ ಗುದ್ದಿ ಇಟ್ಟಿಗೆ ಒಡೆಯುತ್ತಾನೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಚಿತ್ರ ನಿಲ್ಲಿಸಿ ನೋಡಿ. ಹಾರುವಾಗ ಒಂದು ಕೈ ಮೇಲೆತ್ತಿ ಮುಷ್ಟಿ ಕಟ್ಟಿರುತ್ತಾನೆ. ಇಟ್ಟಿಗೆಗೆ ತಾಗುವುದು ಆ ಮುಷ್ಟಿ. ಈಗಿನ ಮಾರಿಯೋ ಕೈಗೆ ಬಿಳಿ ಗವಸು ಬೇರೆ ಇದೆ. ನಿಮ್ಮ ಹಾಳೆಯ ಮೇಲೆ ಎಲ್ಲವೂ ಶುದ್ಧವಾಗಿರಲಿ. ಕೆಂಪು ಟೋಪಿ, ನೀಲಿ ಓವರಾಲ್, ಹೊಳೆಯುವ ಗುಂಡಿ, ಒರೆಸಿದ ಬೂಟು. ಬಲಗೈ ಗವಸಿನ ಗೆಣ್ಣುಗಳ ಮೇಲೆ ಮಾತ್ರ ಇಟ್ಟಿಗೆಯ ಪುಡಿ. ಪುಡಿ ಮೆತ್ತಿದ ಕೈ ಒಂದೇ ಇರಲಿ, ಎರಡೂ ಬೇಡ. ನೋಡುವವರ ಕಣ್ಣು ಎಲ್ಲ ಕಡೆ ಸುತ್ತಿ ಅಲ್ಲಿಗೇ ಬಂದು ನಿಲ್ಲಬೇಕು.

ಅವನು ಎಡಕ್ಕೆ ಮುಖ ಮಾಡಿರಲಿ. 1985ರ ಗೇಮಿನಲ್ಲಿ ಪರದೆ ಮುಂದಕ್ಕೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಬಿಟ್ಟು ಬಂದ ಇಟ್ಟಿಗೆ ಬಿಟ್ಟಂತೆಯೇ. ನಮ್ಮ ಕಣ್ಣಿಗೆ ಮಾರಿಯೋ ಅಂದರೆ ಬಲಕ್ಕೆ ಓಡುವವನು. ಎಡಕ್ಕೆ ತಿರುಗಿ ನಿಂತರೆ ಏನೋ ಸರಿಯಿಲ್ಲ ಅಂತ ಆಡಿದವರ ಕೈಗೇ ಗೊತ್ತಾಗುತ್ತದೆ. ಬಿಟ್ಟುಹೋದದ್ದನ್ನು ಹುಡುಕಿಕೊಂಡು ವಾಪಸ್ ಬರುತ್ತಿದ್ದಾನೆ.

ಗೇಮರ್_ಗಿರಿ:

ಇಟ್ಟಿಗೆ ವಿಷಯ ಓದಿ ಮೈ ಜುಮ್ ಅಂತು. ಇನ್ನು ಮೇಲೆ ಒಡೆಯುವಾಗ ನೆನಪಾಗುತ್ತದೆ.

ಆದರೂ ಒಂದು ವಾದ ಇಡುತ್ತೇನೆ. ಮಾರ್ಟಲ್ ಕಾಂಬ್ಯಾಟಿನ ರೈಡೆನ್ ನೋಡಿ. ಭೂಮಿಯನ್ನು ಕಾಯುವ ಸಿಡಿಲಿನ ದೇವರು. 2015ರ ಹತ್ತನೇ ಗೇಮಿನ ಕೊನೆಯಲ್ಲಿ ಅವನು ಕೆಡುತ್ತಾನೆ. ಆಗ ಅವನ ನೀಲಿ ಮಿಂಚು ಕೆಂಪಾಗುತ್ತದೆ, ಕಣ್ಣೂ ಕೆಂಪು. ನೋಡಿದ ತಕ್ಷಣ ಎದೆ ಝಲ್ ಅನ್ನುತ್ತದೆ. ಅಲ್ಲಿ ಬಣ್ಣ ಕೆಲಸ ಮಾಡಿದೆ ಅಲ್ವಾ?

ಶಿರಸಿ_ಸ್ಕೆಚ್:

ಮಾಡಿದೆ, ಖಂಡಿತ ಮಾಡಿದೆ. ಆ ದೃಶ್ಯ ನನಗೂ ಇಷ್ಟ. ಆದರೆ ಗಿರಿ, ಆ ದೃಶ್ಯದಲ್ಲಿ ಅವನು ಏನು ಮಾಡುತ್ತಾನೆ ನೆನಪಿದೆಯಾ? ಸೋತ ಶತ್ರು ಶಿನೋಕನ ಕತ್ತರಿಸಿದ ತಲೆ ತಂದು ಪಾತಾಳದ ಹೊಸ ರಾಜರಾಣಿಯರ ಮುಂದೆ ಎಸೆಯುತ್ತಾನೆ. ಆ ರಾಜ ಲಿಯು ಕಾಂಗ್, ಹಿಂದೆ ಅವನದೇ ಪಕ್ಕದಲ್ಲಿ ಹೋರಾಡಿದವನು. ನನ್ನ ಭೂಮಿಗೆ ಕೈ ಹಾಕಿದರೆ ಇನ್ನು ದಯೆ ಇಲ್ಲ ಅಂತ ಎಚ್ಚರಿಸಿ ಹೋಗುತ್ತಾನೆ. ಗುರಿ ಬದಲಾಗಿಲ್ಲ, ಭೂಮಿಯನ್ನು ಕಾಯುವುದೇ. ತಾಳ್ಮೆ ಹೋಗಿದೆ. ಅಷ್ಟು ವರ್ಷ ತಾಳ್ಮೆಯಿಂದ ಕಾದವನು ಅಂತ ನಮಗೆ ಗೊತ್ತಿರುವುದರಿಂದ ಆ ಕೆಂಪು ಮಿಂಚು ಚುಚ್ಚುತ್ತದೆ. ಕಥೆ ಗೊತ್ತಿಲ್ಲದವರಿಗೆ ಬರೀ ಕೆಂಪು ಮಿಂಚು ತೋರಿಸಿ, ಏನೂ ಅನ್ನಿಸುವುದಿಲ್ಲ. ಬಣ್ಣ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಕೊನೆಗೆ ಹಚ್ಚಿ, ಒಂದೇ ಕಡೆ ಹಚ್ಚಿ.

ಜಡ್ಜುಗಳ ಮೊದಲ ನೋಟದ ಬಗ್ಗೆ ನೀವು ಹೇಳಿದ್ದು ನಿಜ. ಅದಕ್ಕೆ ನಾವು ಕೆಲಸದಲ್ಲಿ ಮಾಡುವ ಒಂದು ಪರೀಕ್ಷೆ ಇದೆ. ಪಾತ್ರದ ಮೇಲೆ ಪೂರ್ತಿ ಕಪ್ಪು ತುಂಬಿ, ಹೆಬ್ಬೆಟ್ಟಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡುತ್ತೇವೆ. ಆ ಅಚ್ಚಿನಲ್ಲೇ ಯಾರು ಅಂತ ಗೊತ್ತಾಗಬೇಕು. ಮಾರಿಯೋನ ಟೋಪಿ, ಮೂಗು, ದುಂಡು ಹೊಟ್ಟೆ ಕೂಡಲೇ ಗೊತ್ತಾಗುತ್ತವೆ. ಎತ್ತರ ಮಾಡಿ ಭುಜ ಅಗಲಿಸಿದರೆ ಅದು ಹೋಗಿಬಿಡುತ್ತದೆ. ಆಮೇಲೆ ಜಡ್ಜು ನೋಡುವುದು ಯಾರೋ ಒಬ್ಬ ದಪ್ಪ ಮೀಸೆಯವನನ್ನು.

ಹುಬ್ಳಿ_ಪಿಕ್ಸೆಲ್:

ಹೊಸದಾಗಿ ಬರೆದೆ. ಚಿತ್ರ ಇಲ್ಲಿ ಹಾಕಲು ಆಗುತ್ತಿಲ್ಲ, ಸೈಜ್ ದೊಡ್ಡದು ಅಂತ ಬರುತ್ತಿದೆ. ಹೇಗಿದೆ ಅಂತ ಹೇಳುತ್ತೇನೆ.

ಹಳೆಯ ಕೆಂಪು, ನೀಲಿ ವಾಪಸ್ ತಂದೆ. ಹಲ್ಲು ತೆಗೆದೆ. ಎಡಕ್ಕೆ ಮುಖ. ಎಡಗೈ ಜೇಬಿನಲ್ಲಿ. ಬಲಗೈ ಕೆಳಗೆ ಬಿಟ್ಟಿದ್ದಾನೆ, ಮುಷ್ಟಿ ಅರ್ಧ ಬಿಚ್ಚಿದೆ, ಗೆಣ್ಣಿನ ಮೇಲೆ ಪುಡಿ. ಹಿಂದಿನ ನೋಟದಲ್ಲಿ ಓವರಾಲಿನ ಹಿಂಜೇಬಿನಿಂದ ರಾಜಕುಮಾರಿಯ ಕಿರೀಟದ ತುದಿ ಒಂದು ಚೂರು ಕಾಣುತ್ತದೆ. ಅದು ಯಾಕೆ ಅಂತ ಈ ಕಥೆಯಲ್ಲಿದೆ. ರಾತ್ರಿ ಕೂತು ಬರೆದೆ, ಅಕ್ಕ ಎರಡು ಸಾಲು ತಿದ್ದಿದಳು:

"ಅವನಿಗೆ ರಾಜಕುಮಾರಿ ಸಿಕ್ಕಿದ್ದು ಮೊದಲ ಕೋಟೆಯಲ್ಲೇ. ಅವಳು ಹೊರಗೆ ಬಂದರೆ ಮಾಟ ಬಿಡುತ್ತದೆ, ಇಟ್ಟಿಗೆಗಳೆಲ್ಲ ಮತ್ತೆ ಜನ ಆಗುತ್ತಾರೆ. ಆಗ ಒಡೆಯಲು ಏನೂ ಉಳಿಯುವುದಿಲ್ಲ. ಅವನನ್ನು ಹೀರೋ ಅಂತ ಕರೆಯುವ ಅಗತ್ಯವೂ ಯಾರಿಗೂ ಇರುವುದಿಲ್ಲ. ಅವಳನ್ನು ರಾತ್ರೋರಾತ್ರಿ ಇನ್ನೊಂದು ಕೋಟೆಗೆ ಸಾಗಿಸಿದ. ಬಾಗಿಲಲ್ಲಿ ಕಾಯುತ್ತಿದ್ದ ಅಣಬೆ ಜನರಿಗೆ ಟೋಪಿ ತೆಗೆದು ಹೇಳಿದ: ಕ್ಷಮಿಸಿ, ನಮ್ಮ ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ. ಅವರು ಅವನಿಗೆ ಊಟ ಹಾಕಿ ಕಳಿಸಿದರು."

ಗೇಮಿನಲ್ಲಿ ಮೊದಲ ಏಳು ಕೋಟೆಗಳ ಕೊನೆಗೆ ಅಣಬೆ ಮನುಷ್ಯ ಮಾರಿಯೋಗೆ ಹೇಳುವ ಮಾತನ್ನು ಇಲ್ಲಿ ಮಾರಿಯೋ ಬಾಯಲ್ಲೇ ಇಟ್ಟಿದ್ದೇನೆ. ಹೇಗಿದೆ? ಮುಖದ ಭಾವಕ್ಕೆ ಏನು ಬರೆಯಲಿ?

ಕುಂದಾಪ್ರ_ಕಂಟ್ರೋಲರ್:

ಊಟ ಹಾಕಿ ಕಳಿಸಿದರು ಅನ್ನುವ ಸಾಲು! ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ.

ಶಿರಸಿ_ಸ್ಕೆಚ್:

ಬಹಳ ಚೆನ್ನಾಗಿದೆ. ನಾನು ಇಟ್ಟಿಗೆಯವರೆಗೆ ಬಂದಿದ್ದೆ, ನೀವು ಕೋಟೆಯವರೆಗೆ ಹೋದಿರಿ. ಟೋಪಿ ತೆಗೆದು ಹೇಳಿದ ಅನ್ನುವುದನ್ನೇ ಒಂದು ಭಾವ ಮಾಡಿ. ಟೋಪಿ ಎದೆಗೆ ಹಿಡಿದು, ತಲೆ ಸ್ವಲ್ಪ ಬಗ್ಗಿಸಿ, ಹುಬ್ಬು ಮೇಲೆತ್ತಿ, ನಿಜವಾಗಿ ದುಃಖದಲ್ಲಿರುವವನ ಹಾಗೆ. ಆ ದುಃಖ ಪೂರ್ತಿ ನಂಬುವಂತಿರಲಿ, ಕಳ್ಳನಗೆ ಸೇರಿಸಬೇಡಿ. ಎರಡನೇ ಭಾವದಲ್ಲಿ ಅದೇ ಮುಖ, ಯಾರೂ ಇಲ್ಲದಾಗ. ಹುಬ್ಬು ಸಪಾಟು, ಕಣ್ಣು ಮೇಲಕ್ಕೆ, ಇಟ್ಟಿಗೆ ಸಾಲಿನ ಕಡೆ. ಎರಡನ್ನೂ ಅಕ್ಕಪಕ್ಕ ಒಂದೇ ಅಳತೆಯಲ್ಲಿ ಬರೆಯಿರಿ. ಅವೆರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಹುಬ್ಬಿನಲ್ಲಿ, ಕಣ್ಣಿನಲ್ಲಿ ಇದ್ದರೆ ಸಾಕು.

ಒಂದೆರಡು ತಿದ್ದುಪಡಿ. ಟೋಪಿ ತೆಗೆದ ಚಿತ್ರದಲ್ಲಿ ಕೂದಲು ಬರೆಯಬೇಕಾಗುತ್ತದೆ, ಕಂದು ಬಣ್ಣ, ಅಚ್ಚುಕಟ್ಟಾಗಿ ಬಾಚಿರಲಿ. ಕಿರೀಟದ ತುದಿಗೆ ಹಳದಿ ಹಾಕುತ್ತೀರಿ, ಓವರಾಲಿನ ಗುಂಡಿಯೂ ಹಳದಿ. ದೂರದಿಂದ ಕಿರೀಟ ಇನ್ನೊಂದು ಗುಂಡಿಯ ಹಾಗೆ ಕಂಡುಬಿಡುತ್ತದೆ. ಕಿರೀಟದಲ್ಲಿ ಒಂದು ಸಣ್ಣ ಹರಳು ಬರೆಯಿರಿ, ಗುಂಡಿಗಿಂತ ಹಳದಿಯನ್ನು ಒಂದು ಪಟ್ಟು ತಿಳಿ ಮಾಡಿ. ಗವಸಿನ ಪುಡಿಗೆ ಟೋಪಿಯ ಕೆಂಪು ಬಳಸಬೇಡಿ, ರಕ್ತ ಅಂತ ತಿಳಿದು ತೆಗೆದುಹಾಕಿಯಾರು. ಸ್ವಲ್ಪ ಕಿತ್ತಳೆ, ಸ್ವಲ್ಪ ಕಂದು, ಅಂಚು ಒಣಗಿದ ಹಾಗೆ ಒರಟಾಗಿರಲಿ. ಐಬಿಸ್ ಪೇಂಟಿನಲ್ಲಿ ಒಣ ಬ್ರಷ್ ತಗೊಂಡು ಬೇರೆ ಲೇಯರಿನಲ್ಲಿ ಮಾಡಿ, ಜಾಸ್ತಿ ಅನ್ನಿಸಿದರೆ ತೆಳು ಮಾಡಬಹುದು.

ಕಳಿಸುವ ಮುಂಚೆ ಕಪ್ಪು ಅಚ್ಚಿನ ಪರೀಕ್ಷೆ ಮಾಡಿ. ಅಕ್ಕನಿಗೆ ಏನೂ ಹೇಳದೆ ಚಿಕ್ಕದಾಗಿ ತೋರಿಸಿ ಯಾರು ಅಂತ ಕೇಳಿ. ಆಮೇಲೆ ದೊಡ್ಡದು ತೋರಿಸಿ. ಚಿತ್ರದ ಸೈಜ್ ಅರ್ಧ ಮಾಡಿ ಜೆಪೆಗ್ ಆಗಿ ಉಳಿಸಿದರೆ ಇಲ್ಲಿಗೂ ಹತ್ತುತ್ತದೆ, ಹಾಕಿ, ನೋಡೋಣ.